ಭೂಸ್ವಾಧೀನದ ನೋಟಿಸ್ ಬಂದಾಗ ಯಾವ ತಕರಾರಿಗೆ ಎಷ್ಟು ದಿನ: ಮಂಡ್ಯ, ಮೈಸೂರು ಕಡೆಯ ಭೂಮಾಲೀಕರಿಗೆ ಒಂದು ಮಾರ್ಗದರ್ಶಿ

ಮಂಡ್ಯ ತಾಲ್ಲೂಕಿನ ನಮ್ಮೂರಿನಲ್ಲಿ ದೊಡ್ಡಪ್ಪನ ಮನೆಯ ಗೋಡೆಗೂಡಿನಲ್ಲಿ ಸಕ್ಕರೆ ಕಾರ್ಖಾನೆಯ ತೂಕದ ಚೀಟಿಗಳ ಜೊತೆ ಒಂದು ಕಂದು ಲಕೋಟೆ ಎಂಟು ತಿಂಗಳು ಹಾಗೇ ಇತ್ತು. ಅಂಚೆಯವನು ತಂದುಕೊಟ್ಟ ದಿನ ಅದಕ್ಕೆ ಸಹಿ ಹಾಕಿ ಪಡೆದವರು ದೊಡ್ಡಪ್ಪನೇ. "ಇರ್ಲಿ ಬುಡು ಮಗ, ಕಬ್ಬು ಕಡ್ದ್ ಮೇಲೆ ನೋಡವ" ಎಂದು ಹೇಳಿ ಅದನ್ನು ಗೂಡಿಗೆ ಸೇರಿಸಿದ್ದರು. ಒಳಗಿದ್ದದ್ದು 1894ರ ಹಳೆಯ ಕಾಯ್ದೆಯಡಿ ಹೊರಡಿಸಿದ ಐತೀರ್ಪಿನ, ಅಂದರೆ ಪರಿಹಾರದ ಮೊತ್ತ ನಿಗದಿಪಡಿಸಿದ ಆದೇಶದ, ನೋಟಿಸ್. ಪರಿಹಾರ ಸಾಲದೆಂದು ಅರ್ಜಿ ಕೊಡಲು 90 ದಿನಗಳಿದ್ದವು, ಅವೆಲ್ಲ ಕಬ್ಬು ಕಡಿಯುವ ಮೊದಲೇ ಮುಗಿದುಹೋಗಿದ್ದವು. ಪಕ್ಕದ ಸರ್ವೆ ನಂಬರಿನವರು ಅರ್ಜಿ ಕೊಟ್ಟು, ಕೆಲವು ವರ್ಷಗಳ ಮೇಲೆ ನ್ಯಾಯಾಲಯದಿಂದ ಹೆಚ್ಚಿನ ದರ ಪಡೆದರು. ಅದೇ ದರವನ್ನು ತಮಗೂ ಕೊಡಿ ಎಂದು ಕೇಳಲು ದೊಡ್ಡಪ್ಪನಿಗೆ ಇನ್ನೊಂದು ಅವಕಾಶವಿತ್ತು. ಆ ತೀರ್ಪಿನ ದಿನದಿಂದ ಮೂರು ತಿಂಗಳೊಳಗೆ ಒಂದು ಅರ್ಜಿ ಕೊಟ್ಟರೆ ಸಾಕಿತ್ತು. ಆ ವಿಷಯ ನಮಗೆ ತಿಳಿದದ್ದು ಒಂದು ವರ್ಷದ ನಂತರ, ಒಂದು ಮದುವೆ ಮನೆಯ ಮಾತಿನ ನಡುವೆ.

ಆಮೇಲೆ ಭೂಸ್ವಾಧೀನದ ಕಾಗದಗಳನ್ನು ಓದುವುದನ್ನು ನಾನು ಹಟ ಹಿಡಿದು ಕಲಿತೆ. ಕಲಿತದ್ದರಲ್ಲಿ ಮುಖ್ಯವಾದದ್ದು ಒಂದೇ: ನಿಮ್ಮ ದಿನಗಳ ಎಣಿಕೆ ನಿಮಗೆ ವಿಷಯ ಮನವರಿಕೆಯಾದ ದಿನದಿಂದ ಶುರುವಾಗುವುದಿಲ್ಲ, ಬಹುಪಾಲು ಸಂದರ್ಭಗಳಲ್ಲಿ ಕಾಗದ ಪ್ರಕಟವಾದ ಅಥವಾ ಜಾರಿಯಾದ ದಿನದಿಂದಲೇ ಶುರುವಾಗಿರುತ್ತದೆ. ಇನ್ನೊಂದು ಮಾತು, "ನನ್ನ ಜಮೀನು ತೆಗೆದುಕೊಳ್ಳಬೇಡಿ" ಎಂಬ ತಕರಾರು ಬೇರೆ, "ತೆಗೆದುಕೊಂಡರೆ ಸರಿಯಾದ ಬೆಲೆ ಕೊಡಿ" ಎಂಬ ತಕರಾರು ಬೇರೆ. ಎರಡಕ್ಕೂ ಕಚೇರಿ ಬೇರೆ, ಕಾಲಮಿತಿ ಬೇರೆ. ಮೊದಲನೆಯದಕ್ಕೆ ಹೋರಾಡುತ್ತ ಎರಡನೆಯದರ ದಿನ ಕಳೆದುಕೊಂಡವರನ್ನು ನಾನು ತುಂಬ ನೋಡಿದ್ದೇನೆ.

ಮೊದಲ ಹೆಜ್ಜೆ: ಯಾವ ಕಾಯ್ದೆ ಎಂದು ನೋಡಿ

ನೋಟಿಸಿನ ಮೇಲ್ಭಾಗದಲ್ಲಿ ಕಾಯ್ದೆಯ ಹೆಸರು ಮತ್ತು ಕಲಂ ಸಂಖ್ಯೆ ಇರುತ್ತದೆ. ಮೊದಲು ಅದನ್ನು ಓದಿ, ಸರ್ವೆ ನಂಬರನ್ನು ಆಮೇಲೆ ಹುಡುಕಿ. ನಮ್ಮ ಎರಡು ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ಕಾಯ್ದೆಗಳು ಎದುರಾಗುತ್ತವೆ.

ಒಂದು, 2014ರ ಜನವರಿ 1ರಂದು ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯ್ದೆ. ನಾಲೆ, ರಸ್ತೆ, ಸರ್ಕಾರಿ ಕಟ್ಟಡ ಮುಂತಾದವಕ್ಕೆ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ವಿಶೇಷ ಭೂಸ್ವಾಧೀನಾಧಿಕಾರಿಗಳ ಮೂಲಕ ನಡೆಯುವ ಸ್ವಾಧೀನ ಇದರಡಿ ಬರುತ್ತದೆ. ಎರಡು, 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ. ಎಲ್ಲರ ಬಾಯಲ್ಲೂ 'ಮುಡಾ' ಎಂದೇ ಉಳಿದಿರುವ ಪ್ರಾಧಿಕಾರ ಮೈಸೂರಿನ ಸುತ್ತ ಬಡಾವಣೆಗಳಿಗಾಗಿ ಜಮೀನು ಪಡೆದದ್ದು ಇದರಡಿಯೇ. (ನಗರ ಬೆಳೆಸಲು ಊರಿನವರ ಜಮೀನು ಪಡೆಯುವ ಪದ್ಧತಿ ಮೈಸೂರಿಗೆ ಹೊಸದಲ್ಲ. 1903ರಷ್ಟು ಹಿಂದೆಯೇ ಇಲ್ಲಿ ನಗರ ಸುಧಾರಣಾ ಕಾಯ್ದೆ ಬಂದಿತ್ತು.) ಮೂರು, 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ, ಜನರ ಮಾತಿನಲ್ಲಿ ಕೆಐಎಡಿಬಿ ಕಾಯ್ದೆ. ನಂಜನಗೂಡು, ತೂಬಿನಕೆರೆಯಂಥ ಕೈಗಾರಿಕಾ ಪ್ರದೇಶಗಳ ಸ್ವಾಧೀನಕ್ಕೆ ಇದು ಅನ್ವಯಿಸುತ್ತದೆ. ನಾಲ್ಕು, ಬೆಂಗಳೂರು–ಮೈಸೂರು ಹೆದ್ದಾರಿಯ ಅಗಲೀಕರಣದಿಂದ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದವರಿಗೆ ಪರಿಚಿತವಾದ 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆ.

ಕಾಯ್ದೆ ತಪ್ಪಾಗಿ ತಿಳಿದುಕೊಂಡರೆ ಮುಂದಿನ ಎಣಿಕೆಯೆಲ್ಲ ತಪ್ಪುತ್ತದೆ. ಅಕ್ಕಪಕ್ಕದ ಎರಡು ಹೊಲಗಳಲ್ಲಿ ಒಂದು ಹೆದ್ದಾರಿಗೆ, ಇನ್ನೊಂದು ಕೈಗಾರಿಕೆಗೆ ಹೋಗುತ್ತಿದ್ದರೆ, ಒಬ್ಬರ ದಿನಗಳನ್ನು ಇನ್ನೊಬ್ಬರು ನಂಬಿ ಕೂರಬಾರದು.

ಎರಡನೆಯ ಹೆಜ್ಜೆ: ತಾರೀಖುಗಳ ಒಂದು ಹಾಳೆ ಮಾಡಿ

ಒಂದು ಬಿಳಿ ಹಾಳೆಯ ಮೇಲೆ ಈ ತಾರೀಖುಗಳನ್ನು ಒಂದರ ಕೆಳಗೊಂದು ಬರೆಯಿರಿ: ಪ್ರಾಥಮಿಕ ಅಧಿಸೂಚನೆ ರಾಜ್ಯಪತ್ರದಲ್ಲಿ ಬಂದ ದಿನ, ಪತ್ರಿಕೆಗಳಲ್ಲಿ ಬಂದ ದಿನ, ಗ್ರಾಮ ಪಂಚಾಯಿತಿ ಅಥವಾ ತಾಲ್ಲೂಕು ಕಚೇರಿಯ ಫಲಕದಲ್ಲಿ ಅಂಟಿಸಿದ ದಿನ, ನಿಮ್ಮ ಕೈಗೆ ನೋಟಿಸ್ ಬಂದ ದಿನ, ಅಂತಿಮ ಅಧಿಸೂಚನೆಯ ದಿನ, ಐತೀರ್ಪಿನ ದಿನ, ಐತೀರ್ಪಿನ ನೋಟಿಸ್ ತಲುಪಿದ ದಿನ, ಸ್ವಾಧೀನದ ಮಹಜರು ನಡೆದ ದಿನ, ಹಣ ಬ್ಯಾಂಕ್ ಖಾತೆಗೆ ಬಂದ ದಿನ. ಗೊತ್ತಿಲ್ಲದ ಜಾಗವನ್ನು ಖಾಲಿ ಬಿಟ್ಟು, ಮಾಹಿತಿ ಹಕ್ಕು ಅರ್ಜಿಯಲ್ಲಿ ಅದನ್ನೇ ಕೇಳಿ. ಉತ್ತರಕ್ಕೆ 30 ದಿನ ಹಿಡಿಯಬಹುದಾದ್ದರಿಂದ ಅರ್ಜಿಯನ್ನು ಮೊದಲ ವಾರದಲ್ಲೇ ಹಾಕಬೇಕು, ಮತ್ತು ಅದರ ಉತ್ತರಕ್ಕೆ ಕಾಯುತ್ತ ಆಕ್ಷೇಪಣೆಯನ್ನು ತಡೆಹಿಡಿಯಬಾರದು.

ಲಕೋಟೆಯನ್ನು ಎಸೆಯಬೇಡಿ. ಅಂಚೆ ಮುದ್ರೆಯ ಮೇಲಿರುವ ತಾರೀಖೇ ಮುಂದೊಂದು ದಿನ ನಿಮ್ಮ ಏಕೈಕ ಸಾಕ್ಷಿಯಾಗಬಹುದು. ನಾನು ಲಕೋಟೆಯನ್ನು ನೋಟಿಸಿಗೇ ಪಿನ್ ಹಾಕಿ, ಪಡೆದ ದಿನ ಮತ್ತು ಪಡೆದವರ ಹೆಸರನ್ನು ಪೆನ್ನಿನಲ್ಲಿ ಮೂಲೆಯಲ್ಲಿ ಬರೆದಿಡುತ್ತೇನೆ.

ಇದೇ ವೇಳೆಗೆ ಪಹಣಿ ತೆಗೆಸಿ 9ನೇ ಮತ್ತು 11ನೇ ಕಾಲಂಗಳನ್ನು ನೋಡಿ. ಸ್ವಾಧೀನದ ನಮೂದು 11ನೇ ಕಾಲಂನಲ್ಲಿ ಕಾಣಿಸಿಕೊಳ್ಳುವುದುಂಟು. 9ನೇ ಕಾಲಂನಲ್ಲಿ ಇನ್ನೂ ತೀರಿಕೊಂಡ ತಾತನ ಹೆಸರೇ ಇದ್ದರೆ ನೋಟಿಸ್ ಅವರ ಹೆಸರಿಗೇ ಹೊರಡುತ್ತದೆ, ಯಾರ ಕೈಗೂ ಸಿಗದೆ ಸುತ್ತುತ್ತದೆ. ನಮ್ಮ ಕಡೆ ದಿನಗಳು ತಪ್ಪಿಹೋಗುವುದಕ್ಕೆ ನಾನು ಕಂಡ ದೊಡ್ಡ ಕಾರಣ ಇದೇ. ಪೌತಿ ಖಾತೆಗೆ ಕೂಡಲೇ ಅರ್ಜಿ ಕೊಡಿ. ಖಾತೆ ಆಗುವವರೆಗೆ ಕಾಯದೆ, ವಂಶವೃಕ್ಷ ಮತ್ತು ಮರಣ ಪ್ರಮಾಣಪತ್ರ ಲಗತ್ತಿಸಿ, "ನಾವು ಇಂಥವರ ವಾರಸುದಾರರು, ಇನ್ನು ಮುಂದಿನ ನೋಟಿಸುಗಳನ್ನು ನಮ್ಮ ಹೆಸರಿಗೆ, ಈ ವಿಳಾಸಕ್ಕೆ ಕಳುಹಿಸಿ" ಎಂದು ಭೂಸ್ವಾಧೀನಾಧಿಕಾರಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ಎಣಿಸುವ ಕ್ರಮವನ್ನೂ ಹೇಳಿಬಿಡುತ್ತೇನೆ. "ಇಂಥ ದಿನದಿಂದ" ಎಂದಿದ್ದರೆ ಆ ದಿನವನ್ನು ಬಿಟ್ಟು ಮರುದಿನದಿಂದ ಎಣಿಸಬೇಕು. ಮಾರ್ಚ್ 1ರಂದು ಪ್ರಕಟವಾದರೆ 60ನೇ ದಿನ ಏಪ್ರಿಲ್ 30. ಆರು ವಾರ ಎಂದರೆ 42 ದಿನ, ಅದು ಏಪ್ರಿಲ್ 12ಕ್ಕೆ ಮುಗಿಯುತ್ತದೆ. ಆರು ವಾರವನ್ನು ಒಂದೂವರೆ ತಿಂಗಳೆಂದು ಲೆಕ್ಕ ಹಾಕಿ ಮೂರ್ನಾಲ್ಕು ದಿನ ತಪ್ಪಿಸಿಕೊಂಡವರಿದ್ದಾರೆ. ಕೊನೆಯ ದಿನ ಕಚೇರಿಗೆ ರಜೆಯಿದ್ದರೆ ಕಚೇರಿ ತೆರೆಯುವ ಮುಂದಿನ ದಿನ ಕೊಡಬಹುದು, ಆದರೆ ಅದನ್ನು ನೆಚ್ಚಿಕೊಳ್ಳಬೇಡಿ. ಪ್ರಕಟಣೆಯ ತಾರೀಖುಗಳು ಬೇರೆ ಬೇರೆ ಇದ್ದರೆ, ಎಲ್ಲಕ್ಕಿಂತ ಮೊದಲಿನ ತಾರೀಖಿನಿಂದಲೇ ಎಣಿಸಿಕೊಳ್ಳುವುದು ಕ್ಷೇಮ.

ಮೂರನೆಯ ಹೆಜ್ಜೆ: ಆಕ್ಷೇಪಣೆ

2013ರ ಕಾಯ್ದೆಯ 11ನೇ ಕಲಮಿನ ಪ್ರಾಥಮಿಕ ಅಧಿಸೂಚನೆಗೆ 15ನೇ ಕಲಮಿನಡಿ 60 ದಿನಗಳೊಳಗೆ ಆಕ್ಷೇಪಣೆ ಕೊಡಬೇಕು. 1987ರ ಕಾಯ್ದೆಯಲ್ಲಿ ಮತ್ತು ಕೆಐಎಡಿಬಿ ಕಾಯ್ದೆಯ 28(2)ರಲ್ಲಿ ನೋಟಿಸ್ ತಲುಪಿದ ದಿನದಿಂದ 30 ದಿನ. ಹೆದ್ದಾರಿ ಕಾಯ್ದೆಯ 3ಸಿ ಕಲಮಿನಡಿ ಅಧಿಸೂಚನೆ ಪ್ರಕಟವಾದ ದಿನದಿಂದ ಕೇವಲ 21 ದಿನ, ಅಲ್ಲಿ ನಿಮ್ಮ ಕೈಗೆ ಬಂದ ದಿನದ ಲೆಕ್ಕವೇ ಇಲ್ಲ. ಇವುಗಳಲ್ಲಿ ಇದೇ ಅತ್ಯಂತ ಕಡಿಮೆ ಅವಧಿ. ಹೆದ್ದಾರಿ ಬರುತ್ತದೆಂಬ ಸುದ್ದಿ ಕೇಳಿದ ಕೂಡಲೇ ಪತ್ರಿಕೆಯ ಪ್ರಕಟಣೆಗಳ ಮೇಲೆ ಕಣ್ಣಿಡಬೇಕಾದ್ದು ಅದಕ್ಕಾಗಿಯೇ.

ಆಕ್ಷೇಪಣೆಯಲ್ಲಿ ಏನು ಬರೆಯಬೇಕು ಎಂಬುದು ಎಷ್ಟು ದಿನ ಎಂಬಷ್ಟೇ ಮುಖ್ಯ. "ದರ ಸಾಲದು" ಎಂದು ಮಾತ್ರ ಬರೆದ ಅರ್ಜಿಗೆ ಈ ಹಂತದಲ್ಲಿ ಬೆಲೆಯಿಲ್ಲ, ಏಕೆಂದರೆ ದರದ ಮಾತು ಬರುವುದು ಆಮೇಲೆ. ಇಷ್ಟು ವಿಸ್ತೀರ್ಣ ಏಕೆ ಬೇಕು, ಈ ಜಾಗ ಆ ಕೆಲಸಕ್ಕೆ ತಕ್ಕದ್ದೇ, ಸಾರ್ವಜನಿಕ ಉದ್ದೇಶ ನಿಜವಾಗಿ ಇದೆಯೇ, ಸಾಮಾಜಿಕ ಪರಿಣಾಮದ ವರದಿಯಲ್ಲಿ ತಪ್ಪೇನಿದೆ ಎಂಬುದನ್ನು ಬರೆಯಿರಿ. ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಗದ್ದೆಯನ್ನು ಖುಷ್ಕಿ ಎಂದು ತೋರಿಸಿದ್ದರೆ, ಕೊಳವೆಬಾವಿ, ತೆಂಗು, ಮನೆ ಬಿಟ್ಟುಹೋಗಿದ್ದರೆ, ಪಕ್ಕದಲ್ಲೇ ಸರ್ಕಾರಿ ಗೋಮಾಳ ಖಾಲಿಯಿದ್ದರೆ, ಅದನ್ನೆಲ್ಲ ಸರ್ವೆ ನಂಬರು, ಹಿಸ್ಸಾ, ಗುಂಟೆ ಸಮೇತ ಬರೆದು, ಖುದ್ದಾಗಿ ಅಥವಾ ವಕೀಲರ ಮೂಲಕ ಅಹವಾಲು ಹೇಳಿಕೊಳ್ಳಲು ಅವಕಾಶ ಬೇಕೆಂದು ಸ್ಪಷ್ಟವಾಗಿ ಕೇಳಿ. ಹೀಗೆ ಬರೆದಿಟ್ಟದ್ದು ಮುಂದೆ ಹೈಕೋರ್ಟಿನಲ್ಲಿ ಉಪಯೋಗಕ್ಕೆ ಬರುತ್ತದೆ. ಆಕ್ಷೇಪಣೆಯನ್ನೇ ಕೊಡದೆ ಸುಮ್ಮನಿದ್ದವರಿಗೆ ಅಲ್ಲಿ ಮೊದಲ ಪ್ರಶ್ನೆ ಅದೇ ಎದುರಾಗುತ್ತದೆ.

ಕೊಡುವಾಗ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳಿ. ಹಾಕಿಕೊಡಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. 2013ರ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆ ಪ್ರಕಟವಾದ ಮೇಲೆ ಆ ಜಮೀನನ್ನು ಮಾರುವಂತಿಲ್ಲ, ಅಡಮಾನ ಇಡುವಂತಿಲ್ಲ. ಅಧಿಸೂಚನೆಯ ನಂತರ ಕೊಂಡವರು ಸ್ವಾಧೀನವನ್ನೇ ಪ್ರಶ್ನಿಸಲಾರರು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಮೈಸೂರಿನ ಹೊರವಲಯದಲ್ಲಿ ರೆವಿನ್ಯೂ ಸೈಟು ಕೊಳ್ಳುವವರು ಋಣಭಾರ ಪ್ರಮಾಣಪತ್ರ ನೋಡಿದರೆ ಸಾಲದು, ಆ ಸರ್ವೆ ನಂಬರು ಯಾವುದಾದರೂ ಅಧಿಸೂಚನೆಯಲ್ಲಿ ಇದೆಯೇ ಎಂದು ಪ್ರಾಧಿಕಾರದಲ್ಲೂ ವಿಚಾರಿಸಬೇಕು.

ನಾಲ್ಕನೆಯ ಹೆಜ್ಜೆ: ಸರ್ಕಾರದ ಗಡುವುಗಳನ್ನೂ ಎಣಿಸಿ

ಕಾಲಮಿತಿ ನಮಗೊಬ್ಬರಿಗೇ ಇರುವುದಲ್ಲ. 2013ರ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆಯಿಂದ 12 ತಿಂಗಳೊಳಗೆ 19ನೇ ಕಲಮಿನ ಘೋಷಣೆ (ಅಂದರೆ ಅಂತಿಮ ಅಧಿಸೂಚನೆ) ಆಗದಿದ್ದರೆ ಆ ಅಧಿಸೂಚನೆ ರದ್ದಾದಂತೆ. ಘೋಷಣೆಯಿಂದ 12 ತಿಂಗಳೊಳಗೆ ಐತೀರ್ಪು ಬರದಿದ್ದರೆ ಇಡೀ ಪ್ರಕ್ರಿಯೆ ಬಿದ್ದುಹೋಗುತ್ತದೆ. ಕಾಯ್ದೆಯಲ್ಲಿ ಅವಧಿ ವಿಸ್ತರಿಸಲು ಸರ್ಕಾರಕ್ಕೆ ಅವಕಾಶವಿರುವುದರಿಂದ, ವಿಸ್ತರಣೆಯ ಆದೇಶ ಆಗಿದೆಯೇ ಎಂಬುದನ್ನೂ ಕೇಳಿ ತಿಳಿಯಬೇಕು. ಹೆದ್ದಾರಿ ಕಾಯ್ದೆಯಲ್ಲಿ 3ಎ ಕಲಮಿನ ಮೊದಲ ಅಧಿಸೂಚನೆಯಿಂದ ಒಂದು ವರ್ಷದೊಳಗೆ 3ಡಿ ಕಲಮಿನ ಅಂತಿಮ ಘೋಷಣೆ ಆಗಲೇಬೇಕು. 1987ರ ಕಾಯ್ದೆಯ 27ನೇ ಕಲಂ ಅಂತಿಮ ಅಧಿಸೂಚನೆಯಿಂದ ಐದು ವರ್ಷದೊಳಗೆ ಯೋಜನೆಯನ್ನು ಗಣನೀಯವಾಗಿ ಕಾರ್ಯಗತ ಮಾಡದಿದ್ದರೆ ಅದು ಅನೂರ್ಜಿತವಾಗುತ್ತದೆ ಎನ್ನುತ್ತದೆ. ಆದರೆ 'ಗಣನೀಯವಾಗಿ' ಎಂಬ ಒಂದು ಪದದ ಮೇಲೆ ದೊಡ್ಡ ವಾದಗಳೇ ನಡೆಯುತ್ತವೆ. ಬಡಾವಣೆಯ ಹೆಚ್ಚಿನ ಭಾಗದಲ್ಲಿ ರಸ್ತೆ, ಚರಂಡಿ ಆಗಿ ನಿವೇಶನ ಹಂಚಿದ್ದರೆ, ನಿಮ್ಮ ಎರಡು ಎಕರೆ ಖಾಲಿ ಇದೆಯೆಂಬುದರಿಂದ ಮಾತ್ರ ಯೋಜನೆ ಬೀಳುವುದು ಕಷ್ಟ.

ಹಳೆಯ 1894ರ ಕಾಯ್ದೆಯಲ್ಲಿದ್ದ ಎರಡು ವರ್ಷದ ಐತೀರ್ಪಿನ ಗಡುವು ಕೆಐಎಡಿಬಿ ಸ್ವಾಧೀನಕ್ಕೆ ಅನ್ವಯಿಸದು ಎಂದು ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರಿನ ಪ್ರಕರಣವೊಂದರಲ್ಲಿ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ಕಾರಿಡಾರಿಗೆ 2003ರಲ್ಲಿ ಅಧಿಸೂಚನೆ ಹೊರಡಿಸಿ, 2005ರಲ್ಲಿ ಜಮೀನು ಪಡೆದು, 2019ರವರೆಗೆ ಐತೀರ್ಪನ್ನೇ ಮಾಡದೆ ಬಿಟ್ಟ ಇನ್ನೊಂದು ಪ್ರಕರಣದಲ್ಲಿ, 2025ರ ಜನವರಿ 2ರಂದು ನ್ಯಾಯಾಲಯ 2019ರ ಏಪ್ರಿಲ್ 22ರಂದು ಇದ್ದ ಮಾರುಕಟ್ಟೆ ಬೆಲೆಯನ್ನು ಆಧಾರವಾಗಿಟ್ಟು ಪರಿಹಾರ ನಿರ್ಧರಿಸುವಂತೆ ಆದೇಶಿಸಿತು. ಅಂದರೆ ಗಡುವು ಇಲ್ಲದಿದ್ದರೂ ಸರ್ಕಾರದ ವಿಳಂಬಕ್ಕೆ ಬೆಲೆಯಿದೆ, ಆದರೆ ಅದು ಜಮೀನು ಮರಳಿ ಬರುವ ರೂಪದಲ್ಲಿ ಬಂದದ್ದಲ್ಲ, ದರದ ರೂಪದಲ್ಲಿ.

"ಐದು ವರ್ಷ ಆದರೆ ಜಮೀನು ವಾಪಸ್" ಎಂಬ ಮಾತನ್ನು ಇವತ್ತಿಗೂ ಟೀ ಅಂಗಡಿಗಳಲ್ಲಿ ಕೇಳುತ್ತೇವೆ. ಅದರ ಮೂಲ 2013ರ ಕಾಯ್ದೆಯ 24(2)ನೇ ಕಲಂ. ಅದು ಎಲ್ಲ ಸ್ವಾಧೀನಕ್ಕೂ ಸಂಬಂಧಿಸಿದ್ದಲ್ಲ. 1894ರ ಕಾಯ್ದೆಯಡಿ, 2014ರ ಜನವರಿ 1ಕ್ಕೆ ಐದು ವರ್ಷ ಅಥವಾ ಅದಕ್ಕೂ ಮೊದಲು ಐತೀರ್ಪು ಆಗಿದ್ದ ಪ್ರಕರಣಗಳಿಗೆ ಮಾತ್ರ ಅದು ಸಲ್ಲುತ್ತದೆ. 2020ರ ಮಾರ್ಚ್ 6ರಂದು ಇಂದೋರ್ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಇನ್ನಷ್ಟು ಕಿರಿದು ಮಾಡಿತು: ಸ್ವಾಧೀನವನ್ನೂ ಪಡೆದಿರಬಾರದು, ಪರಿಹಾರವನ್ನೂ ಕೊಟ್ಟಿರಬಾರದು, ಎರಡೂ ಆಗಿರದಿದ್ದರೆ ಮಾತ್ರ ಪ್ರಕ್ರಿಯೆ ಬೀಳುತ್ತದೆ. ಎಂದೋ ಮುಗಿದುಹೋದ ಸ್ವಾಧೀನವನ್ನು ಕೆದಕಲು ಈ ಕಲಂ ಹೊಸ ಹಕ್ಕು ಕೊಡುವುದಿಲ್ಲ ಎಂದೂ ಪೀಠ ಹೇಳಿತು. ನ್ಯಾಯಾಲಯದ ತಡೆಯಾಜ್ಞೆ ಇದ್ದ ಅವಧಿಯನ್ನು ಐದು ವರ್ಷದ ಲೆಕ್ಕಕ್ಕೆ ಸೇರಿಸುವುದಿಲ್ಲ. ಹೊಸ ಕಾಯ್ದೆಯ 12 ತಿಂಗಳ ಘೋಷಣೆಯ ಗಡುವಿಗೂ ಇದೇ ನಿಯಮ. ತಡೆಯಾಜ್ಞೆ ತಂದು ಕುಳಿತರೆ ಸರ್ಕಾರದ ದಿನಗಳೂ ನಿಂತುಬಿಡುತ್ತವೆ ಎಂಬುದನ್ನು ಮುಂದಾಲೋಚಿಸಿಯೇ ತಡೆಯಾಜ್ಞೆ ಕೇಳಬೇಕು.

ಐದನೆಯ ಹೆಜ್ಜೆ: ಸ್ವಾಧೀನವನ್ನೇ ಪ್ರಶ್ನಿಸುವುದಾದರೆ

ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಸ್ವಾಧೀನದ ವಿರುದ್ಧ ದಾವೆ ಹೂಡುವ ದಾರಿ ಮುಚ್ಚಿದೆ. 2013ರ ಕಾಯ್ದೆಯ 63ನೇ ಕಲಂ ಅದನ್ನು ನೇರವಾಗಿಯೇ ಹೇಳುತ್ತದೆ. ಉಳಿಯುವುದು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಮೈಸೂರು, ಮಂಡ್ಯ ಜಿಲ್ಲೆಗಳವರು ಬೆಂಗಳೂರಿನ ಪ್ರಧಾನ ಪೀಠಕ್ಕೇ ಹೋಗಬೇಕು.

ರಿಟ್ ಅರ್ಜಿಗೆ ಇಷ್ಟೇ ದಿನ ಎಂದು ಎಲ್ಲೂ ಬರೆದಿಲ್ಲ. ಈ ಮಾತನ್ನು ಕೇಳಿ ನೆಮ್ಮದಿಯಿಂದ ಕುಳಿತವರೇ ಹೆಚ್ಚು ಕೆಟ್ಟಿದ್ದಾರೆ. ದಿನ ಬರೆದಿಲ್ಲದಿದ್ದರೂ ವಿಳಂಬವನ್ನು ನ್ಯಾಯಾಲಯ ಸಹಿಸುವುದಿಲ್ಲ. ದೆಹಲಿಯ ಸ್ವಾಧೀನವೊಂದರಲ್ಲಿ 1959ರ ಅಧಿಸೂಚನೆಯನ್ನು 1972ರಲ್ಲಿ ಪ್ರಶ್ನಿಸಿದವರಿಗೆ, ಅಷ್ಟು ವರ್ಷ ಬೇಲಿಯ ಮೇಲೆ ಕುಳಿತು ನೋಡಿದ್ದವರಿಗೆ ಈಗ ಪರಿಹಾರವಿಲ್ಲ ಎಂದು 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಐತೀರ್ಪು ಆಗಿ, ಸ್ವಾಧೀನವೂ ಆಗಿ, ಜಮೀನು ಸರ್ಕಾರಕ್ಕೆ ನಿಹಿತವಾದ ಮೇಲೆ ಅಧಿಸೂಚನೆಯನ್ನು ರದ್ದುಪಡಿಸಲು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಆಕ್ಷೇಪಣೆಯನ್ನು ತಳ್ಳಿಹಾಕಿದ ಆದೇಶದ ಪ್ರತಿ ಕೈಗೆ ಬಂದ ದಿನ ಅಥವಾ ಅಂತಿಮ ಅಧಿಸೂಚನೆ ಪ್ರಕಟವಾದ ದಿನ, ಯಾವುದು ಮೊದಲೋ ಅಂದೇ ವಕೀಲರನ್ನು ಕಾಣಿ. ಐತೀರ್ಪಿಗೆ ಮೊದಲು ಅರ್ಜಿ ದಾಖಲಾಗಬೇಕು ಎಂಬುದನ್ನೇ ನಿಮ್ಮ ಗಡುವು ಎಂದು ಇಟ್ಟುಕೊಳ್ಳಿ. ಕೆಐಎಡಿಬಿ ಕಾಯ್ದೆಯಲ್ಲಿ 28(4)ರ ಅಂತಿಮ ಘೋಷಣೆಯ ಪ್ರಕಟಣೆಯೊಂದಿಗೇ ಜಮೀನು ಸರ್ಕಾರಕ್ಕೆ ಸೇರುತ್ತದೆ, ಹೆದ್ದಾರಿ ಕಾಯ್ದೆಯಲ್ಲಿ 3ಡಿ ಘೋಷಣೆಯೊಂದಿಗೇ ಕೇಂದ್ರ ಸರ್ಕಾರಕ್ಕೆ ಸೇರುತ್ತದೆ. ಈ ಎರಡು ಕಾಯ್ದೆಗಳಡಿ ಇನ್ನೂ ಬೇಗ ಎಚ್ಚರವಾಗಬೇಕು. ವಿಳಂಬವಾಗಿದ್ದರೆ ಅದಕ್ಕೆ ಕಾರಣವನ್ನು ತಾರೀಖುಗಳ ಸಮೇತ ಅರ್ಜಿಯಲ್ಲೇ ಹೇಳಿ. ಆಸ್ಪತ್ರೆಯ ಚೀಟಿ, ಹಳೆಯ ವಿಳಾಸಕ್ಕೆ ಹೋದ ನೋಟಿಸ್, ತೀರಿಕೊಂಡವರ ಹೆಸರಿನ ನೋಟಿಸ್, ಇವೆಲ್ಲ ಅಲ್ಲಿ ಕೆಲಸಕ್ಕೆ ಬರುತ್ತವೆ.

ಆರನೆಯ ಹೆಜ್ಜೆ: ಪರಿಹಾರದ ತಕರಾರು

ಹೈಕೋರ್ಟಿನಲ್ಲಿ ರಿಟ್ ಇದೆಯೆಂದು ಈ ಹೆಜ್ಜೆಯನ್ನು ಬಿಡಬೇಡಿ. ರಿಟ್ ಅರ್ಜಿ ಬಿದ್ದುಹೋದ ದಿನ ನಿಮ್ಮ ಕೈಯಲ್ಲಿ ಉಳಿಯುವುದು ಇದೊಂದೇ.

2013ರ ಕಾಯ್ದೆಯ 64ನೇ ಕಲಮಿನ ಪ್ರಕಾರ, ಅಳತೆ, ಮೊತ್ತ, ಹಣ ಯಾರಿಗೆ ಸಲ್ಲಬೇಕು, ಪಾಲು ಹಂಚಿಕೆ, ಪುನರ್ವಸತಿಯ ಹಕ್ಕು, ಇವುಗಳಲ್ಲಿ ಯಾವುದನ್ನು ಒಪ್ಪದಿದ್ದರೂ ವಿಷಯವನ್ನು ಪ್ರಾಧಿಕಾರಕ್ಕೆ (ನಗರಾಭಿವೃದ್ಧಿ ಪ್ರಾಧಿಕಾರವಲ್ಲ, ಪರಿಹಾರದ ತಕರಾರು ತೀರ್ಮಾನಿಸಲು ಈ ಕಾಯ್ದೆಯಡಿ ಇರುವ ಪ್ರಾಧಿಕಾರ) ಕಳುಹಿಸಿಕೊಡಿ ಎಂದು ಜಿಲ್ಲಾಧಿಕಾರಿಗೆ ಲಿಖಿತ ಅರ್ಜಿ ಕೊಡಬೇಕು. ಐತೀರ್ಪು ನೀಡುವಾಗ ನೀವು ಅಥವಾ ನಿಮ್ಮ ಪ್ರತಿನಿಧಿ ಹಾಜರಿದ್ದರೆ ಐತೀರ್ಪಿನ ದಿನದಿಂದ ಆರು ವಾರ. ಹಾಜರಿರದಿದ್ದರೆ ನೋಟಿಸ್ ತಲುಪಿದ ಆರು ವಾರ ಅಥವಾ ಐತೀರ್ಪಿನಿಂದ ಆರು ತಿಂಗಳು, ಯಾವುದು ಮೊದಲು ಮುಗಿಯುತ್ತದೋ ಅದು. 'ಯಾವುದು ಮೊದಲು' ಎಂಬ ಮಾತನ್ನು ಕೆಳಗೆ ಗೆರೆ ಎಳೆದು ಓದಬೇಕು, ಜನ ಆರು ತಿಂಗಳು ಎಂಬುದನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ತಡವಾದದ್ದಕ್ಕೆ ಸಾಕಷ್ಟು ಕಾರಣ ತೋರಿಸಿದರೆ ಇನ್ನೊಂದು ವರ್ಷದೊಳಗೆ ಅರ್ಜಿ ಸ್ವೀಕರಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ. ಅದು ಅವರ ವಿವೇಚನೆಗೆ ಬಿಟ್ಟದ್ದು, ನಿಮ್ಮ ಹಕ್ಕಲ್ಲ. ಅರ್ಜಿ ಬಂದ 30 ದಿನಗಳಲ್ಲಿ ಜಿಲ್ಲಾಧಿಕಾರಿ ಅದನ್ನು ಕಳುಹಿಸದಿದ್ದರೆ ನೀವೇ ಪ್ರಾಧಿಕಾರದ ಮುಂದೆ ಹೋಗಿ ನಿರ್ದೇಶನ ಕೇಳಬಹುದು.

1894ರ ಕಾಯ್ದೆಯಡಿ ಐತೀರ್ಪಾದ ಹಳೆಯ ಪ್ರಕರಣಗಳಲ್ಲಿ ನಮ್ಮ ರಾಜ್ಯದ ತಿದ್ದುಪಡಿಯಂತೆ ನೋಟಿಸ್ ಜಾರಿಯಾದ 90 ದಿನಗಳೊಳಗೆ ಅರ್ಜಿ. ಅಧಿಕಾರಿ ಮತ್ತೆ 90 ದಿನಗಳಲ್ಲಿ ಅದನ್ನು ನ್ಯಾಯಾಲಯಕ್ಕೆ ಕಳುಹಿಸದಿದ್ದರೆ, ಅಲ್ಲಿಂದ ಮೂರು ವರ್ಷದೊಳಗೆ ನೇರವಾಗಿ ನ್ಯಾಯಾಲಯಕ್ಕೆ ಹೋಗಬೇಕು. ಐತೀರ್ಪಿನ ದಿನ ಎಂದರೆ ಅಧಿಕಾರಿ ತನ್ನ ಕೊಠಡಿಯಲ್ಲಿ ಸಹಿ ಹಾಕಿದ ದಿನವಲ್ಲ, ಅದು ಬಾಧಿತರಿಗೆ ತಿಳಿದ ಅಥವಾ ತಿಳಿಯಬಹುದಾಗಿದ್ದ ದಿನ ಎಂದು 1961ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸೇ ಬರದವರಿಗೆ ಇದು ದೊಡ್ಡ ಆಸರೆ. ಆದರೆ "ತಿಳಿಯಬಹುದಾಗಿದ್ದ" ಎಂಬ ಮಾತೂ ಅದರಲ್ಲಿದೆ. ಹಣ ಖಾತೆಗೆ ಬಂದ ಮೇಲೆ ತಿಳಿಯಲಿಲ್ಲ ಎಂದು ಹೇಳಲಾಗದು.

ಹಣ ಪಡೆಯುವ ದಿನ ಒಂದು ಸಾಲು ಬರೆಯುವುದನ್ನು ಮರೆಯಬೇಡಿ. ರಸೀದಿಯ ಮೇಲೆ ಸಹಿಗಿಂತ ಮೊದಲು "ಮೊತ್ತ ಸಾಲದೆಂಬ ಆಕ್ಷೇಪಣೆಯನ್ನು ಕಾಯ್ದಿರಿಸಿಕೊಂಡು ಪಡೆದಿದ್ದೇನೆ" ಎಂದು ನಿಮ್ಮ ಕೈಬರಹದಲ್ಲಿಯೇ ಬರೆಯಿರಿ. ಆಕ್ಷೇಪಣೆ ಇಲ್ಲದೆ ಹಣ ಪಡೆದವರು 64ನೇ ಕಲಮಿನಡಿ ಅರ್ಜಿ ಕೊಡುವಂತಿಲ್ಲ ಎಂದು 77ನೇ ಕಲಂ ಹೇಳುತ್ತದೆ. ಹಣ ನೇರವಾಗಿ ಬ್ಯಾಂಕಿಗೆ ಬರುವುದಾದರೆ ಅದೇ ಮಾತನ್ನು ಪತ್ರದಲ್ಲಿ ಬರೆದು, ಹಣ ಜಮೆಯಾಗುವ ಮೊದಲೇ ಸ್ವೀಕೃತಿ ಪಡೆಯಿರಿ. 'ಒಪ್ಪಿಗೆ ಐತೀರ್ಪು' ಎಂಬ ಕಾಗದಕ್ಕೆ ಸಹಿ ಹಾಕಿದರೆ ಆಮೇಲೆ ಹೆಚ್ಚಿನ ದರ ಕೇಳುವ ದಾರಿ ಸಾಮಾನ್ಯವಾಗಿ ಮುಚ್ಚುತ್ತದೆ. ಸಂಜೆ ಐದಕ್ಕೆ ಊರ ಮುಂದಿನ ಅರಳಿಕಟ್ಟೆಯಲ್ಲಿ ಎಲ್ಲರ ಜೊತೆ ಸಹಿ ಹಾಕುವ ಕಾಗದ ಅದಲ್ಲ, ಮನೆಗೆ ಒಯ್ದು ಓದಿಸಿ, ಕೇಳಿ, ಆಮೇಲೆ ತೀರ್ಮಾನಿಸಿ.

ಪ್ರಾಧಿಕಾರದ ತೀರ್ಪೂ ಒಪ್ಪಿಗೆಯಾಗದಿದ್ದರೆ 74ನೇ ಕಲಮಿನಡಿ 60 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ, ಕಾರಣವಿದ್ದರೆ ಇನ್ನು 60 ದಿನ. ಅರ್ಜಿಯನ್ನೇ ಕೊಡದೆ ಇದ್ದವರಿಗೆ, ಅದೇ ಅಧಿಸೂಚನೆಯ ಬೇರೆ ಜಮೀನಿಗೆ ಹೆಚ್ಚಿನ ಪರಿಹಾರ ಸಿಕ್ಕ ತೀರ್ಪಿನಿಂದ ಮೂರು ತಿಂಗಳೊಳಗೆ 73ನೇ ಕಲಮಿನಡಿ ಅದೇ ದರ ಕೇಳುವ ಅವಕಾಶವಿದೆ. ತೀರ್ಪು ಹೇಳಿದ ದಿನವನ್ನೂ ಅದರ ಪ್ರತಿ ಪಡೆಯಲು ಹಿಡಿದ ದಿನಗಳನ್ನೂ ಬಿಟ್ಟು ಎಣಿಸಬೇಕು. ದೊಡ್ಡಪ್ಪ ಕಳೆದುಕೊಂಡದ್ದು ಇದನ್ನೇ, ಹಳೆಯ ಕಾಯ್ದೆಯ 28ಎ ರೂಪದಲ್ಲಿ. ಪಕ್ಕದ ಹೊಲದವರ ಕೇಸಿನ ಸಂಖ್ಯೆ ಬರೆದಿಟ್ಟುಕೊಂಡು ಇ-ಕೋರ್ಟ್ಸ್ ಜಾಲತಾಣದಲ್ಲಿ ತಿಂಗಳಿಗೊಮ್ಮೆ ನೋಡುತ್ತಿದ್ದರೆ ಅದು ತಪ್ಪುತ್ತಿರಲಿಲ್ಲ.

ಹೆದ್ದಾರಿಯಲ್ಲಿ ದಾರಿ ಬೇರೆ. ಅಲ್ಲಿ ದರದ ತಕರಾರು ಹೋಗುವುದು ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಬಳಿಗೆ. ಅದಕ್ಕೆ 3ಜಿ ಕಲಮಿನಲ್ಲಿ ದಿನ ಬರೆದಿಲ್ಲವೆಂದು ಮುಂದೂಡಬೇಡಿ. ಮಧ್ಯಸ್ಥಗಾರರ ತೀರ್ಪನ್ನು 1996ರ ಮಧ್ಯಸ್ಥಿಕೆ ಕಾಯ್ದೆಯ 34ನೇ ಕಲಮಿನಡಿ ಜಿಲ್ಲಾ ನ್ಯಾಯಾಲಯದಲ್ಲಿ ಪ್ರಶ್ನಿಸಲು, ತೀರ್ಪಿನ ಪ್ರತಿ ಕೈಸೇರಿದ ದಿನದಿಂದ ಮೂರು ತಿಂಗಳು, ಕಾರಣ ತೋರಿಸಿದರೆ ಮತ್ತೆ 30 ದಿನ. ಅದರಾಚೆ ಒಂದೇ ದಿನ ಕಳೆದರೂ ನ್ಯಾಯಾಲಯಕ್ಕೆ ಮನ್ನಿಸುವ ಅಧಿಕಾರವಿಲ್ಲ.

ಪ್ರಕ್ರಿಯೆಯೇ ಇಲ್ಲದೆ ಜಮೀನು ಹೋದವರು

ಅಧಿಸೂಚನೆಯೂ ಇಲ್ಲ, ಐತೀರ್ಪೂ ಇಲ್ಲ, ರಸ್ತೆ ಮಾತ್ರ ಹೊಲದ ಮೇಲೆ ಹಾದುಹೋಗಿದೆ ಎನ್ನುವವರು ನಮ್ಮ ಹಳ್ಳಿಗಳಲ್ಲಿದ್ದಾರೆ. ಇವರ ಸ್ಥಿತಿ ಮೇಲಿನವರದಕ್ಕಿಂತ ಬೇರೆ. ಹಿಮಾಚಲ ಪ್ರದೇಶದಲ್ಲಿ 1967–68ರಲ್ಲಿ ರಸ್ತೆಗೆಂದು ಜಮೀನು ಕಳೆದುಕೊಂಡಿದ್ದ, ಓದುಬರಹ ಬಾರದ ವಯೋವೃದ್ಧೆಯೊಬ್ಬರ ಪ್ರಕರಣದಲ್ಲಿ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕಾನೂನಿನ ಆಧಾರವಿಲ್ಲದೆ ಆಸ್ತಿ ಪಡೆದ ಸರ್ಕಾರ ವಿಳಂಬದ ನೆಪ ಹೇಳುವಂತಿಲ್ಲ ಎಂದು ಹೇಳಿ ಪರಿಹಾರ ಕೊಡಿಸಿತು. 2024ರ ಮೇ 16ರಂದು ಕೋಲ್ಕತ್ತಾ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ, ಸಂವಿಧಾನದ 300ಎ ವಿಧಿಯೊಳಗೆ ನೋಟಿಸ್, ಅಹವಾಲು, ಕಾರಣಸಹಿತ ಆದೇಶ, ಸಾರ್ವಜನಿಕ ಉದ್ದೇಶ, ನ್ಯಾಯವಾದ ಪರಿಹಾರ, ಸಮಯಬದ್ಧ ನಡವಳಿಕೆ, ಪ್ರಕ್ರಿಯೆಯ ಪೂರ್ಣಗೊಳಿಸುವಿಕೆ ಎಂಬ ಏಳು ಹಕ್ಕುಗಳಿವೆ ಎಂದು ನ್ಯಾಯಾಲಯ ವಿವರಿಸಿತು. ಪುರಸಭೆ, ಪಾಲಿಕೆಗಳು ರಸ್ತೆ ಅಗಲಿಸಲು ಕಾಂಪೌಂಡಿನ ಮೇಲೆ ಕೆಂಪು ಗುರುತು ಹಾಕಿಹೋದಾಗ, ಯಾವ ಕಾಯ್ದೆಯ ಯಾವ ಕಲಮಿನಡಿ ಎಂದು ಲಿಖಿತವಾಗಿ ಕೇಳಲು ಇದು ಸಾಕಷ್ಟು ಬಲವಾದ ಆಧಾರ. ಉತ್ತರ ಬರುವ ಮೊದಲು 'ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ' ಎಂಬ ಪತ್ರಕ್ಕೆ ಸಹಿ ಹಾಕಬೇಡಿ.

ವಕೀಲರ ಬಳಿ ಹೋಗುವಾಗ

ಖರ್ಚಿನ ಭಯಕ್ಕೆ ದಿನ ಕಳೆಯಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಹಾಗೂ ನಿಗದಿತ ಮಿತಿಯೊಳಗಿನ ಆದಾಯದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಪ್ರಾಧಿಕಾರದ ಕಚೇರಿ ಮಂಡ್ಯ, ಮೈಸೂರು ಎರಡೂ ಕಡೆ ಇದೆ, 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ಹೋಗುವಾಗ ಪಹಣಿ, ಎಂ.ಆರ್. (ಖಾತೆ ಬದಲಾವಣೆ ವಹಿ) ಪ್ರತಿ, ವಂಶವೃಕ್ಷ, ಬಂದ ಎಲ್ಲ ನೋಟಿಸುಗಳು ಅವುಗಳ ಲಕೋಟೆ ಸಮೇತ, ಆಕ್ಷೇಪಣೆಯ ಸ್ವೀಕೃತಿ, ಬ್ಯಾಂಕ್ ಪಾಸ್‌ಬುಕ್, ಜಮೀನಿನ ಇತ್ತೀಚಿನ ಚಿತ್ರಗಳನ್ನು ಒಯ್ಯಿರಿ. ಎಲ್ಲಕ್ಕಿಂತ ಮೇಲೆ, ಎರಡನೆಯ ಹೆಜ್ಜೆಯಲ್ಲಿ ಮಾಡಿದ ತಾರೀಖುಗಳ ಹಾಳೆ ಇರಲಿ. ನೀವು ಕಥೆ ಹೇಳಲು ಶುರುಮಾಡುವ ಮೊದಲೇ ವಕೀಲರು ಅದನ್ನು ನೋಡಿ, ಇನ್ನು ಎಷ್ಟು ದಿನ ಉಳಿದಿದೆ ಎಂದು ಅದರ ಅಂಚಿನಲ್ಲಿ ಬರೆಯಲಿ.